ರಾಮನ್ ಪರಿಣಾಮದಿಂದ ಪಂಚರತ್ನಂ ಫೇಸ್‌ವರೆಗೆ

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಅಂದು ಶಾಲೆ ಶಾಲೆಗಳಲ್ಲಿ ಸಿ.ವಿ. ರಾಮನ್ ಅವರನ್ನು ನೆನೆಯುತ್ತೇವೆ. ಆದರೆ ಹೆಸರು ಬಾಯಿಗೆ ಬಂದಷ್ಟು ಸುಲಭವಾಗಿ ಅದರ ಹಿಂದಿನ ಸಂಗತಿ ಬಂದಿಲ್ಲ.

ತಪ್ಪು ಕಲ್ಪನೆ 1: ರಾಮನ್ ಪರಿಣಾಮ ಪತ್ತೆಯಾದದ್ದು ಬೆಂಗಳೂರಿನಲ್ಲಿ.
ವಾಸ್ತವ: ಪತ್ತೆಯಾದದ್ದು 1928ರಲ್ಲಿ, ಕೋಲ್ಕತ್ತದಲ್ಲಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದದ್ದು 1933ರಲ್ಲಿ.

ತಪ್ಪು ಕಲ್ಪನೆ 2: ಸಮುದ್ರ ನೀಲಿಯಾಗಿ ಕಾಣುವುದು ರಾಮನ್ ಪರಿಣಾಮದಿಂದ.
ವಾಸ್ತವ: 1921ರ ಹಡಗುಯಾನದಲ್ಲಿ ಕಡಲಿನ ನೀಲಿ ಅವರನ್ನು ಸೆಳೆದದ್ದು ನಿಜ. ಆದರೆ ನೀರು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಉಳಿದ ನೀಲಿಯನ್ನು ನೀರಿನ ಅಣುಗಳು ಚದುರಿಸುತ್ತವೆ. ಆಗ ಬೆಳಕಿನ ಬಣ್ಣ ಬದಲಾಗುವುದಿಲ್ಲ. ರಾಮನ್ ಪರಿಣಾಮವೇ ಬೇರೆ: ಚದುರಿದ ಬೆಳಕಿನ ಅತಿ ಸಣ್ಣ ಪಾಲು ಅಣುವಿನೊಡನೆ ಶಕ್ತಿಯ ಕೊಡುಕೊಳ್ಳುವಿಕೆ ನಡೆಸಿ, ತರಂಗಾಂತರವನ್ನೇ ಬದಲಿಸಿಕೊಂಡು ಹೊರಬರುತ್ತದೆ.

ತಪ್ಪು ಕಲ್ಪನೆ 3: ರಾಮನ್ ಪರಿಣಾಮದ ಪತ್ತೆ ಒಬ್ಬರೇ ಮಾಡಿದ ಕೆಲಸ.
ವಾಸ್ತವ: ‘ನೇಚರ್’ ಪತ್ರಿಕೆಯಲ್ಲಿ ಬಂದ ಮೊದಲ ಲೇಖನದಲ್ಲಿ ರಾಮನ್ ಅವರ ಸಹೋದ್ಯೋಗಿ ಕೆ.ಎಸ್. ಕೃಷ್ಣನ್ ಅವರ ಹೆಸರೂ ಇದೆ. ಪ್ರಯೋಗಗಳಲ್ಲಿ ಅವರ ಶ್ರಮ ದೊಡ್ಡದು. ಅದೇ ವರ್ಷ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಹರಳುಗಳಲ್ಲಿ ಇದನ್ನೇ ಕಂಡರು. ‘ರಾಮನ್ ಪರಿಣಾಮ’ ಎಂಬ ಹೆಸರನ್ನಿಟ್ಟವರು ಜರ್ಮನಿಯ ಪ್ರಿಂಗ್ಸ್‌ಹೈಮ್.

ತಪ್ಪು ಕಲ್ಪನೆ 4: ‘ಬೆರ್ರಿ ಫೇಸ್’ ಮೊದಲು ಹೊಳೆದದ್ದು 1984ರಲ್ಲಿ, ಭೌತವಿಜ್ಞಾನಿ ಮೈಕೆಲ್ ಬೆರ್ರಿ ಅವರಿಗೆ.
ವಾಸ್ತವ: ಇಲ್ಲಿ ಬೆಂಗಳೂರಿಗೆ ಸಲ್ಲಬೇಕಾದ ಗೌರವವಿದೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ 1956ರಲ್ಲಿ, 22ರ ವಯಸ್ಸಿನಲ್ಲಿ, ಬೆಳಕಿನಲ್ಲಿ ಇದನ್ನು ಕಂಡಿದ್ದರು. ಬೆಳಕಿನ ಧ್ರುವೀಕರಣ ಒಂದು ಸುತ್ತು ಬದಲಾಗಿ ಮೊದಲಿನ ಸ್ಥಿತಿಗೇ ಮರಳಿದರೂ ಅಲೆಯ ಏರಿಳಿತ ಮೊದಲಿನ ಹೆಜ್ಜೆಗೆ (ಅಂದರೆ ‘ಫೇಸ್’ಗೆ) ಮರಳುವುದಿಲ್ಲ. ಹೋದ ದಾರಿಯ ಗುರುತು ಅದರಲ್ಲಿ ಉಳಿಯುತ್ತದೆ. ಪಂಚರತ್ನಂ 1969ರಲ್ಲಿ, 35ರಲ್ಲೇ ತೀರಿಕೊಂಡರು. 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಅವರ 1956ರ ಲೇಖನದತ್ತ ಗಮನ ಸೆಳೆದರು. ಮರುವರ್ಷ ಬೆರ್ರಿ ಅವರೇ ಪಂಚರತ್ನಂ ಅವರ ಕೆಲಸವನ್ನು ವಿವರಿಸಿ ಬರೆದರು. ಬೆಳಕಿನ ಶಾಸ್ತ್ರದಲ್ಲಿ ಇಂದು ಅದು ‘ಪಂಚರತ್ನಂ-ಬೆರ್ರಿ ಫೇಸ್’.

ಈ ಹೆಸರು ಕೂಡಿಸಿದ್ದರಿಂದ ಬೆರ್ರಿ ಅವರ ಹಿರಿಮೆ ಒಂದಿಷ್ಟೂ ತಗ್ಗಲಿಲ್ಲ. ಕೃಷ್ಣನ್ ಅವರನ್ನು ನೆನೆದರೆ ರಾಮನ್ ಅವರದ್ದೂ ತಗ್ಗದು. ಬರುವ ಫೆಬ್ರವರಿ 28ರಂದು ಕಪ್ಪು ಹಲಗೆಯ ಮೇಲೆ ರಾಮನ್ ಹೆಸರಿನ ಕೆಳಗೆ ಕೃಷ್ಣನ್ ಮತ್ತು ಪಂಚರತ್ನಂ ಅವರ ಹೆಸರನ್ನೂ ಬರೆಯೋಣ.