ಸ್ತ್ರೀ ಪ್ರಜನನಾಂಗ ವ್ಯವಸ್ಥೆ ಹಾಗೂ ಕೊನೆಯ ಮುಟ್ಟಿನ ದಿನಾಂಕದ ಮಹತ್ವ

ಸ್ತ್ರೀ ಪ್ರಜನನಾಂಗ ವ್ಯವಸ್ಥೆಯು ಎರಡು ಅಂಡಾಶಯಗಳು, ಎರಡು ಅಂಡನಾಳಗಳು, ಗರ್ಭಕೋಶ, ಗರ್ಭಕಂಠ ಹಾಗೂ ಯೋನಿಯನ್ನು ಒಳಗೊಂಡಿರುತ್ತದೆ.

ಋತುಚಕ್ರ: ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚಿತವಾಗಿ ಅಂಡಾಶಯದಿಂದ ಅಂಡಾಣುವು ಬಿಡುಗಡೆಯಾಗಿ ಅಂಡನಾಳವನ್ನು ಸೇರುತ್ತದೆ. ಸುಮಾರು 24 ಗಂಟೆಗಳೊಳಗೆ ವೀರ್ಯಾಣುವಿನೊಡನೆ ಕೂಡಿದಲ್ಲಿ ಭ್ರೂಣವು ಉಂಟಾಗಿ ಗರ್ಭಕೋಶದ ಒಳಪದರದಲ್ಲಿ ನೆಲೆಗೊಳ್ಳುತ್ತದೆ. ಇಲ್ಲವಾದಲ್ಲಿ ಒಳಪದರವು ಕಳಚಿ ರಕ್ತದೊಡನೆ ಹೊರಬರುತ್ತದೆ. ಇದೇ ಮುಟ್ಟು. ಇದು ಸಹಜ ದೇಹಧರ್ಮವೇ ಹೊರತು ಮೈಲಿಗೆಯಲ್ಲ.

ದಿನಾಂಕದ ಲೆಕ್ಕ: ಗರ್ಭ ನಿಂತ ದಿನವು ಸಾಮಾನ್ಯವಾಗಿ ತಿಳಿಯದಿರುವುದರಿಂದ, ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನಗಳನ್ನು ಎಣಿಸಲಾಗುತ್ತದೆ. ಉದಾಹರಣೆಗೆ, ಆ ದಿನವು ಜನವರಿ 10 ಆಗಿದ್ದಲ್ಲಿ ಹೆರಿಗೆಯ ನಿರೀಕ್ಷಿತ ದಿನಾಂಕವು ಅಕ್ಟೋಬರ್ 17 ಆಗಿರುತ್ತದೆ. ದಿನಾಂಕವನ್ನು ತಪ್ಪಾಗಿ ನಮೂದಿಸಿದಲ್ಲಿ, ಅವಧಿಗೆ ಮುನ್ನ ಹುಟ್ಟುವ ಶಿಶುವನ್ನು ದಿನ ತುಂಬಿದ ಶಿಶುವೆಂದು ಭಾವಿಸುವ ಅಪಾಯವಿರುತ್ತದೆ. ದಿನಾಂಕ ನೆನಪಿಲ್ಲದವರು ಹಾಗೂ ಮುಟ್ಟು ಕ್ರಮಬದ್ಧವಾಗಿಲ್ಲದವರು ಅಂದಾಜು ದಿನಾಂಕವನ್ನು ಬರೆಸದೆ ವೈದ್ಯರಿಗೆ ತಿಳಿಸತಕ್ಕದ್ದು. ಸ್ಕ್ಯಾನಿಂಗ್ ಮೂಲಕ ಅವಧಿಯನ್ನು ನಿರ್ಧರಿಸಲಾಗುವುದು.

ನೋಂದಣಿ: ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಿ, 12 ವಾರಗಳೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯತಕ್ಕದ್ದು.

ಎಚ್ಚರಿಕೆ: ಮುಟ್ಟು ನಿಂತ ನಂತರ ಕಿಬ್ಬೊಟ್ಟೆಯಲ್ಲಿ ತೀವ್ರ ನೋವು, ರಕ್ತಸ್ರಾವ ಅಥವಾ ತಲೆಸುತ್ತು ಕಂಡುಬಂದಲ್ಲಿ, ಗರ್ಭವು ಅಂಡನಾಳದಲ್ಲಿಯೇ ಬೆಳೆಯುತ್ತಿರುವ ಸಂಭವವಿರುತ್ತದೆ. ಇದು ಪ್ರಾಣಾಪಾಯಕಾರಿಯಾದುದರಿಂದ ತಡಮಾಡದೆ ಆಸ್ಪತ್ರೆಗೆ ತೆರಳತಕ್ಕದ್ದು.