ಭಾರ ಇದ್ದದ್ದು ಕಟ್ಟಿಗೆಯೋ, ನೀರೋ?

“ಯಕ್ಕಾ, ಒಂದ್ ತುಂಡ್ ಎತ್ತಿ ನೋಡ್ರಿ, ಎಷ್ಟ್ ಭಾರ ಐತಿ! ಗಟ್ಟಿ ಮಾಲ್.”

ಗದಗ ಜಿಲ್ಲೆಯ ಮಾಗಡಿಯಲ್ಲಿ ನಮ್ಮ ಮನೆ ಮುಂದೆ ಟ್ರ್ಯಾಕ್ಟರ್ ನಿಂತಾಗ ಕಟ್ಟಿಗೆಯವನು ಹೀಗಂದ. ಅವ್ವ ಎತ್ತಿ ನೋಡಿದಳು, ಭಾರವಿತ್ತು, ಒಪ್ಪಿದಳು. ತಂಗಿಯ ಮದುವೆಗೆ ಹದಿನೈದು ದಿನ ಉಳಿದಿತ್ತು. ಮದುವೆಯ ದಿನ ಬೆಳಗಿನ ಜಾವ ಒಲೆ ಹೊತ್ತಿಸಿದಾಗ ಪ್ರತಿ ತುಂಡಿನ ತುದಿಯಲ್ಲೂ ಬಿಳಿ ನೊರೆ ಉಕ್ಕಿತು, ಚುಯ್ ಚುಯ್ ಎಂದು ಸದ್ದು. ಅಡುಗೆಯವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಹುಗ್ಗಿ ಮಾಡಿದರು. ಅವ್ವ ಎತ್ತಿ ನೋಡಿ ಮೆಚ್ಚಿದ ಭಾರವೇ ಆ ನೊರೆ.

ನಮ್ಮ ಕಡೆ ಕಟ್ಟಿಗೆ ಕೊಳ್ಳುವಾಗ ಆಗುವ ದೊಡ್ಡ ಮೋಸ ಇದು, ಮಾರುವವನಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಭಾರ ಇದ್ದರೆ ಒಳ್ಳೆಯ ಕಟ್ಟಿಗೆ ಎಂಬ ಮಾತು ಒಣಗಿದ ಕಟ್ಟಿಗೆಗೆ ಮಾತ್ರ ಸಲ್ಲುತ್ತದೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರುತ್ತದೆ. ಕಾಟಾ ಮಾಡಿಸಿ ತಂದ ಒಂದು ಕ್ವಿಂಟಲ್‌ನಲ್ಲಿ 45 ಕೆಜಿ ನೀರಿದ್ದರೆ ಉರಿಯುವ ಮಾಲು ಬರೀ 55 ಕೆಜಿ. ಅದೇ ಕಟ್ಟಿಗೆ ಚೆನ್ನಾಗಿ ಒಣಗಿ ಶೇ 20ರಷ್ಟು ತೇವ ಉಳಿದಾಗ ತೂಗಿದರೆ 69 ಕೆಜಿ ಬರುತ್ತದೆ. ಉಳಿದ 31 ಕೆಜಿಗೆ ನಾವು ಕೊಟ್ಟ ರೊಕ್ಕ ನೀರಿಗೆ ಕೊಟ್ಟದ್ದು.

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಆ ನೀರು ಆವಿಯಾಗದೆ ಕಟ್ಟಿಗೆ ಸರಿಯಾಗಿ ಹೊತ್ತುವುದಿಲ್ಲ, ಆವಿಯಾಗಲು ಬೇಕಾದ ಶಾಖವನ್ನು ಅದೇ ಕಟ್ಟಿಗೆ ಕೊಡಬೇಕು. ಒಂದು ಕೆಜಿ ನೀರನ್ನು ಆವಿ ಮಾಡಲು ಸುಮಾರು 540 ಕಿಲೊಕ್ಯಾಲರಿ ಶಾಖ ಬೇಕು. ಅಷ್ಟು ಶಾಖದಲ್ಲಿ 27 ಲೀಟರ್ ತಣ್ಣೀರನ್ನು 20 ಡಿಗ್ರಿ ಬಿಸಿ ಮಾಡಬಹುದು, ಅಂದರೆ ಒಬ್ಬರ ಸ್ನಾನ ಮುಗಿಯುತ್ತದೆ. ಕಟ್ಟಿಗೆಯೊಳಗಿನ ಪ್ರತಿ ಕೆಜಿ ನೀರೂ ಹಂಡೆಯಿಂದ ಒಬ್ಬರ ಬಿಸಿನೀರನ್ನು ಕಸಿದುಕೊಂಡು ಹೋಗುತ್ತದೆ.

“ಹಸಿ ಇದ್ರ ನಿಧಾನ ಉರಿತೈತಿ, ಬಾಳಿಕಿ ಬರ್ತೈತಿ” ಎನ್ನುವವರಿದ್ದಾರೆ. ನಿಧಾನ ಉರಿಯುವುದು ನಿಜ, ಉಳಿತಾಯ ನಿಜವಲ್ಲ. ಒಲೆಯ ಬಿಸಿ ಇಳಿದಾಗ ಕಟ್ಟಿಗೆಯಿಂದ ಹೊರಟ ಅನಿಲ ಉರಿಯಾಗದೆ ಹೊಗೆಯಾಗಿ ಹೊರಬೀಳುತ್ತದೆ. ಆ ಹೊಗೆ ಸುಡಬೇಕಾಗಿದ್ದ ಉರುವಲೇ. ಅದು ಪಾತ್ರೆಗೆ ಮಸಿಯಾಗಿ, ರೊಟ್ಟಿ ಬಡಿಯುವವರ ಎದೆಗೆ ಕೆಮ್ಮಾಗಿ ಸೇರುತ್ತದೆ. ಉರಿ ನಿಧಾನವಾಗಬೇಕಿದ್ದರೆ ಒಣಗಿದ ದಪ್ಪ ತುಂಡು ಇಟ್ಟು, ಬೇಕಾದಷ್ಟೇ ಒಳಗೆ ತಳ್ಳಿದರಾಯಿತು. ಹಾಗಂತ ಒಣ ಕಟ್ಟಿಗೆಗೆ ಹೊಗೆಯೇ ಇಲ್ಲವೆಂದುಕೊಳ್ಳಬಾರದು, ಕಿಟಕಿ ಇಲ್ಲವೆ ಚಿಮಣಿ ಬೇಕೇ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗ ನಮ್ಮ ಹಳ್ಳಿಗಳಿಗಾಗಿ ಚಿಮಣಿಯಿರುವ ಅಸ್ತ್ರ ಒಲೆ ರೂಪಿಸಿದ್ದು ಇದೇ ಹೊಗೆಯ ಸಲುವಾಗಿಯೂ ಹೌದು.

“ಕಡಿದು ಆರು ತಿಂಗಳಾತು, ಒಣಗೈತಿ” ಎಂಬ ಮಾತನ್ನೂ ಹಾಗೆಯೇ ನಂಬಬಾರದು. ತೊಗಟೆ ಸಮೇತ ಇಡೀ ದಿಮ್ಮಿ ಬಿದ್ದಿದ್ದರೆ ಆರು ತಿಂಗಳಲ್ಲಿ ಮೇಲೆ ಬಿರುಕು ಬಿಟ್ಟೀತು, ಒಳಗೆ ಹಸಿಯಾಗೇ ಇರುತ್ತದೆ. ತೊಗಟೆ ನೀರನ್ನು ತಡೆಹಿಡಿಯುತ್ತದೆ, ಕೊಯ್ದ ತುದಿಗಳಿಂದ ಬೇಗ ಬಿಡುತ್ತದೆ. ಆದ್ದರಿಂದ ಎಷ್ಟು ತಿಂಗಳಾಯಿತು ಎಂಬುದಕ್ಕಿಂತ ಯಾವಾಗ ತುಂಡು ಮಾಡಿ ಸೀಳಿದ್ದು ಎಂದು ಕೇಳಬೇಕು. ಟ್ರೇಲರ್‌ನಿಂದ ಇಳಿಸುವ ಮುಂಚೆ ನಡುವಿನಿಂದ ಒಂದು ತುಂಡು ತೆಗೆಸಿ ಕೊಡಲಿಯಿಂದ ಸೀಳಿಸಿ, ಹೊಸ ಮೈಗೆ ಕೆನ್ನೆ ಹಚ್ಚಿ ನೋಡಿ. ತಣ್ಣಗೆ ತಾಗಿದರೆ ಹಸಿ. ಎರಡು ತುಂಡು ಬಡಿದರೆ ಒಣಗಿದ್ದು ಠಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ.

ತಾಡಪತ್ರಿಯ ವಿಷಯದಲ್ಲೂ ತಪ್ಪು ಮಾಡುತ್ತೇವೆ. ಹಸಿ ಕಟ್ಟಿಗೆಯನ್ನು ಸುತ್ತಲೂ ಬಿಗಿದು ಕಟ್ಟಿದರೆ ಹೊರಬಂದ ತೇವ ಒಳಗೇ ಸುತ್ತಾಡಿ ಬೂಸು ಹಿಡಿಯುತ್ತದೆ. ಕೆಳಗೆ ಕಲ್ಲು ಇಟ್ಟು ನೆಲ ಬಿಡಿಸಿ ಒಟ್ಟಿ, ಮೇಲೆ ಮಾತ್ರ ಮುಚ್ಚಿ, ಪಕ್ಕಗಳನ್ನು ಗಾಳಿಗೆ ಬಿಡಬೇಕು. ಒಣಗಿದ ಕಟ್ಟಿಗೆಯ ಮೇಲೆ ಒಂದು ಮಳೆ ಬಿದ್ದರೆ ಮೈ ನೆನೆಯುತ್ತದೆ ಅಷ್ಟೆ, ಎರಡು ಬಿಸಿಲಿಗೆ ಆರುತ್ತದೆ.

ಇತ್ತೀಚೆಗೆ ಊರಿನ ಹುಡುಗರು ಮೊಬೈಲ್‌ನಲ್ಲಿ ನೋಡಿ ಕೇಳುವ ಪ್ರಶ್ನೆ ಒಂದಿದೆ: ಹೊರದೇಶದಲ್ಲಿ ಭಟ್ಟಿಯಲ್ಲಿ ಒಣಗಿಸಿದ ಕಟ್ಟಿಗೆಯನ್ನು ಮನೆಗೇ ತಂದು ಕೊಡುತ್ತಾರಲ್ಲ, ಅದರಲ್ಲಿ ಶಾಖ ಜಾಸ್ತಿಯಂತೆ? ಭಟ್ಟಿ ಅಂದರೆ ನಮಗೆ ಇಟ್ಟಂಗಿ ಭಟ್ಟಿ, ಇದ್ದಿಲು ಭಟ್ಟಿ ನೆನಪಾಗುತ್ತದೆ. ಅವರದು ಬಿಸಿಗಾಳಿ ಆಡಿಸುವ ಕೋಣೆ, ಕಟ್ಟಿಗೆ ಅಲ್ಲಿ ಸುಡುವುದಿಲ್ಲ, ಆರುತ್ತದೆ. ಚಳಿ ಮತ್ತು ಮಳೆಯ ನಾಡಿನಲ್ಲಿ ಬಿಸಿಲು ಮಾಡದ ಕೆಲಸವನ್ನು ಆ ಕೋಣೆ ಬೇಗ ಮಾಡುತ್ತದೆ. ಇಂಗ್ಲೆಂಡಿನಲ್ಲಿ 2021ರಲ್ಲಿ ಬಂದ ನಿಯಮದ ಪ್ರಕಾರ ಸಣ್ಣ ಪ್ರಮಾಣದಲ್ಲಿ ಮಾರುವ ಉರುವಲಿನ ತೇವ ಶೇ 20ನ್ನು ಮೀರಬಾರದು. ತೇವ ಅಷ್ಟೇ ಇದ್ದರೆ ಭಟ್ಟಿಯದಕ್ಕೂ ಬಿಸಿಲಿನದಕ್ಕೂ ಒಲೆಯಲ್ಲಿ ವ್ಯತ್ಯಾಸವಿಲ್ಲ. ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಇಳಿಯುವ ನವೆಂಬರ್‌ನಲ್ಲಿ ಕಟ್ಟಿಗೆ ತರಿಸಿ ಸೀಳಿ ಒಟ್ಟಿದರೆ, ಅವು ಹೊರಟುಹೋಗುವ ಮಾರ್ಚ್ ದಾಟಿ ಬೇಸಿಗೆಯೂ ಸಿಗುತ್ತದೆ. ಆ ಬಿಸಿಲಿಗೆ ಯಾರೂ ಬಿಲ್ಲು ಕೇಳುವುದಿಲ್ಲ.

ಜಾಲಿಯಲ್ಲೇ ಶಾಖ, ನೀಲಗಿರಿಯಲ್ಲಿ ಇಲ್ಲ ಎನ್ನುವುದೂ ಅರ್ಧ ಸತ್ಯ. ಒಣಗಿದ ಮೇಲೆ ಕೆಜಿಗೆ ಸಿಗುವ ಶಾಖ ಎಲ್ಲ ಕಟ್ಟಿಗೆಯಲ್ಲೂ ಹೆಚ್ಚುಕಡಿಮೆ ಒಂದೇ, ಹತ್ತಿ ಕಟ್ಟಿಗೆಯಲ್ಲೂ ಸಹ. ಜಾಲಿ ಒತ್ತಾಗಿರುವುದರಿಂದ ಕೆಂಡ ಹೆಚ್ಚು ಹೊತ್ತು ನಿಲ್ಲುತ್ತದೆ.

ಇನ್ನೊಂದು ಮಾತು. ಸ್ವಂತ ಹೊಲದ್ದಾದರೆ ಯಾವ ಮರವನ್ನೂ ಕೇಳದೆ ಕಡಿಯಬಹುದು ಎಂದು ಬಹಳ ಜನ ತಿಳಿದಿದ್ದಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಬಳ್ಳಾರಿ ಜಾಲಿ, ನೀಲಗಿರಿ, ಸುಬಾಬುಲ್‌ನಂಥ ಕೆಲವಕ್ಕೆ ಮಾತ್ರ ಅನುಮತಿಯ ಗೊಡವೆಯಿಲ್ಲ, ಬೇವು ಆ ಪಟ್ಟಿಯಲ್ಲಿಲ್ಲ. “ಕಪ್ಪತಗುಡ್ಡದ ಕಟ್ಟಿಗಿ, ಪಕ್ಕಾ” ಎಂದು ಯಾರಾದರೂ ಹೊಗಳಿ ಮಾರಲು ಬಂದರೆ ಕೊಳ್ಳಬೇಡಿ. ಆ ಗುಡ್ಡ 2019ರಿಂದ ವನ್ಯಜೀವಿಧಾಮ. ನಮ್ಮ ಮೋಡಗಳನ್ನು ತಡೆಯುವ ಗುಡ್ಡವನ್ನು ಒಲೆಗೆ ಹಾಕಿ ಹುಗ್ಗಿ ಉಣ್ಣುವುದು ನನ್ನಿಂದಾಗದು.

ಮದುವೆಯ ನಂತರ ನಾನು ಉಳಿದ ಕಟ್ಟಿಗೆಯಲ್ಲಿ ಒಂದು ಸೀಳಿಗೆ ಸುಣ್ಣದ ಗುರುತು ಹಾಕಿ, ಕಾಳು ತೂಗುವ ತಕ್ಕಡಿಯಲ್ಲಿಟ್ಟೆ: 4 ಕೆಜಿ 200 ಗ್ರಾಂ. ಪ್ರತಿ ಸೋಮವಾರ ತೂಗುತ್ತ ಬಂದೆ, ಇಳಿಯುತ್ತಲೇ ಹೋಯಿತು. ಕೊನೆಗೆ ಮೂರು ಸೋಮವಾರ 2 ಕೆಜಿ 900 ಗ್ರಾಂನಲ್ಲೇ ನಿಂತಿತು. ಆ ವಾರ ಅವ್ವ ಅದನ್ನು ಬಚ್ಚಲ ಒಲೆಗೆ ಇಟ್ಟಳು. ನೊರೆ ಬರಲಿಲ್ಲ.