ಸೂಜಿ ಚಿಕಿತ್ಸಕರ ಆಯ್ಕೆ

ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗಿನ ತೋಟಗಳಲ್ಲಿ ದುಡಿಯುವವರಿಗೆ ಸೊಂಟನೋವು ಹೊಸದಲ್ಲ. ಮಾತ್ರೆ ನುಂಗಿ ಬೇಸತ್ತವರು ಆಕ್ಯುಪಂಕ್ಚರ್, ಅರ್ಥಾತ್ ಸೂಜಿ ಚಿಕಿತ್ಸೆಯನ್ನು ಅರಸುವುದು ಸಹಜವೇ. 1938ರಲ್ಲಿ ಡಾ. ಕೋಟ್ನೀಸರೊಡನೆ ಚೀನಕ್ಕೆ ಹೋಗಿದ್ದ ಡಾ. ಬಿ. ಕೆ. ಬಸು ಅವರು 1959ರಲ್ಲಿ ಈ ವಿದ್ಯೆಯನ್ನು ಕಲ್ಕತ್ತೆಗೆ ತಂದರು. ಕೇಂದ್ರ ಸರ್ಕಾರವು 2019ರಲ್ಲಿ ಇದನ್ನು ಸ್ವತಂತ್ರ ಚಿಕಿತ್ಸಾಕ್ರಮವೆಂದು ಮನ್ನಿಸಿತು. ಹಾಗೆಂದು ಬೋರ್ಡು ತೂಗುಹಾಕಿದವರೆಲ್ಲರೂ ಬಲ್ಲವರೆಂದು ತಿಳಿಯಲಾದೀತೆ?

ಎಲ್ಲಿ, ಎಷ್ಟು ಕಾಲ ಕಲಿತಿರೆಂದು ಕೇಳಲು ಸಂಕೋಚಪಡಬೇಕಿಲ್ಲ. ಉಜಿರೆಯಂಥ ಕಾಲೇಜುಗಳ ಐದೂವರೆ ವರ್ಷದ ಪ್ರಕೃತಿ ಚಿಕಿತ್ಸಾ ಪದವಿಯಲ್ಲಿ ಇದೂ ಒಂದು ಪಾಠ. ವಾರದ ಶಿಬಿರದ ಪ್ರಮಾಣಪತ್ರ ಅದಕ್ಕೆ ಸಾಟಿಯಾಗದು. ಇನ್ನು ಸೂಜಿಯ ಮಾತು. ಮೊಹರಾದ ಪೊಟ್ಟಣವನ್ನು ನಮ್ಮೆದುರಿಗೇ ಒಡೆಯಬೇಕು, ಒಮ್ಮೆ ಚುಚ್ಚಿದ ಸೂಜಿಯನ್ನು ಎಸೆಯಬೇಕು. ಒಬ್ಬರಿಗೆ ಚುಚ್ಚಿದ್ದನ್ನೇ ಮತ್ತೊಬ್ಬರಿಗೆ ಚುಚ್ಚಿದರೆ ಸೊಂಟನೋವಿನ ಜೊತೆಗೆ ಹೆಪಟೈಟಿಸ್ ಕೂಡ ಅಂಟೀತು! ಎದೆಯ ಭಾಗದಲ್ಲಿ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೇ ತೂತು ಬೀಳುವುದುಂಟು. ಗರ್ಭಿಣಿಯೆ, ರಕ್ತ ತೆಳುವಾಗಿಸುವ ಔಷಧಿ ನಡೆದಿದೆಯೆ ಎಂದು ವಿಚಾರಿಸದೆ ಸೂಜಿ ಎತ್ತುವವರ ಬಳಿಯಿಂದ ಎದ್ದುಬರುವುದೇ ಲೇಸು. ಸಕ್ಕರೆ ಕಾಯಿಲೆಯ ಮಾತ್ರೆ ಬಿಡಿ ಎನ್ನುವವರಿಂದಲೂ ಅಷ್ಟೆ.

ಇದಕ್ಕೂ ಮುಂಚೆ ಹಿರಿಯೂರಿನವರಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ, ದುರ್ಗದವರಾದರೆ ಜಿಲ್ಲಾಸ್ಪತ್ರೆಯಲ್ಲಿ ನೋವಿನ ಕಾರಣವನ್ನು ತಿಳಿದುಕೊಳ್ಳಬೇಕು. ಮೂತ್ರಪಿಂಡದ ಕಲ್ಲು, ಬೆನ್ನೆಲುಬಿನ ಕ್ಷಯ ಇವೂ ಮೊದಮೊದಲು ಬರಿಯ ಸೊಂಟನೋವಿನಂತೆಯೇ ಕಾಣುತ್ತವೆ.